ಕೋಚನ್ನು ಉಳಿಸಿಕೊಂಡೆ, ಐಸ್ ಪುಸ್ತಕ ಬಿಚ್ಚಿದೆ

2024ರ ನವೆಂಬರ್. ಮಂಗಳೂರಿನ ನೆಹರೂ ಮೈದಾನದಲ್ಲಿ ನಾನು ನಡೆಸುವ ಫುಟ್‌ಬಾಲ್ ತಂಡ ಸತತ ಐದನೇ ಪಂದ್ಯ ಸೋತಿತು. ಸೋಲಿಗಿಂತ ನನ್ನ ಮನಸ್ಸಿಗೆ ತಾಗಿದ್ದು ಅಭಿಮಾನಿಗಳ ಡೋಲು ತಂಡವಾದ ನಾಸಿಕ್ ಬ್ಯಾಂಡಿನ ಮೌನ. ಹುಡುಗರು ಡೋಲುಗಳನ್ನು ಹೊತ್ತು ತಂದಿದ್ದರು. ಆದರೆ ಪೂರ್ತಿ ತೊಂಬತ್ತು ನಿಮಿಷ ಒಂದು ಪೆಟ್ಟೂ ಹಾಕಲಿಲ್ಲ. ಪಂದ್ಯ ಮುಗಿದ ಮೇಲೆ ಸುಮಾರು ನಲವತ್ತು ಜನ ಮೀನುಗಾರಿಕಾ ದಕ್ಕೆಯ ಹತ್ತಿರ, ಬೋಟುಗಳಿಗೆ ಐಸ್ ಮಾರುವ ನನ್ನ ಐಸ್ ಪ್ಲಾಂಟಿನ ಎದುರು ಬಂದು ನಿಂತರು. "ಅಣ್ಣ, ಕೋಚನ್ನು ಯಾವಾಗ ಕಳುಹಿಸುತ್ತೀರಿ? ಇವತ್ತೇ ಹೇಳಿ" ಎಂದರು.

ಕ್ಲಬ್ ನಡೆಸುವವರಿಗೆ ಈ ಮಾತು ಹೊಸದಲ್ಲ. ಅದಕ್ಕೂ ಎರಡು ವರ್ಷ ಮೊದಲು ನಾನು ಹಾಗೆಯೇ ಮಾಡಿದ್ದೆ. ಆಗಿನ ಕೋಚ್‌ಗೆ ಮೂರು ತಿಂಗಳ ಸಂಬಳ, ಅಂದರೆ 75 ಸಾವಿರ ಕೊಟ್ಟು ಕಳುಹಿಸಿದೆ. ಬೆಂಗಳೂರಿನಿಂದ ಇನ್ನೊಬ್ಬರನ್ನು ತಿಂಗಳಿಗೆ 40 ಸಾವಿರಕ್ಕೆ ಕರೆಸಿದೆ, ಬಾಡಿಗೆ ಮನೆ ಬೇರೆ. ಮೊದಲ ಮೂರು ಪಂದ್ಯ ಗೆದ್ದೆವು, ಎಲ್ಲರೂ ನನ್ನ ಬೆನ್ನು ತಟ್ಟಿದರು. ಒಂದೂವರೆ ತಿಂಗಳಲ್ಲಿ ತಂಡ ಮತ್ತೆ ಅದೇ ಜಾಗಕ್ಕೆ ಬಂದಿತ್ತು. ಆ ಋತುವಿನ ಖರ್ಚು ಹನ್ನೊಂದು ಲಕ್ಷ ದಾಟಿತು. ಜರ್ಸಿಯ ಪ್ರಾಯೋಜಕರು ಕೊಡುತ್ತೇನೆಂದ ಒಂದೂವರೆ ಲಕ್ಷ ಕೊಡಲಿಲ್ಲ. ಪ್ಲಾಂಟಿನ ಕಂಪ್ರೆಸರ್ ರಿಪೇರಿಗೆಂದು ತೆಗೆದಿಟ್ಟ ಹಣವನ್ನು ಮುಟ್ಟಬೇಕಾಯಿತು. ಹಾಗಾಗಿ ಈ ಸಲ ಕಾರಣ ತಿಳಿಯುವ ತನಕ ಯಾರನ್ನೂ ಕಳುಹಿಸುವುದಿಲ್ಲ ಎಂದು ನಿರ್ಧರಿಸಿದೆ.

ಮೊದಲು ಮಾತಿನಿಂದ ಸಮಾಧಾನ ಮಾಡಲು ನೋಡಿದೆ. ಅಲೆಕ್ಸ್ ಫರ್ಗುಸನ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿಗೆ ಕೋಚ್ ಆಗಿ ಬಂದದ್ದು 1986ರ ನವೆಂಬರ್‌ನಲ್ಲಿ, ಮೊದಲ ಕಪ್ ಎತ್ತಿದ್ದು 1990ರಲ್ಲಿ, ನಡುವೆ ಅಲ್ಲಿನ ಅಭಿಮಾನಿಗಳೂ ಬ್ಯಾನರ್ ಹಿಡಿದು ಹೋಗಿ ಎಂದಿದ್ದರು ಎಂದೆಲ್ಲ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಸಿಟ್ಟು ಸುಳ್ಳಲ್ಲ. ಬೆಂಗ್ರೆಯಿಂದ ಫೆರಿಯಲ್ಲಿ ಹೊಳೆ ದಾಟಿ, ಅರ್ಧ ದಿನದ ಕೂಲಿ ಬಿಟ್ಟು ಪಂದ್ಯಕ್ಕೆ ಬರುವವರಿಗೆ ಇಂಗ್ಲೆಂಡಿನ ಕಥೆ ಹೇಳಿ ಪ್ರಯೋಜನವಿಲ್ಲ.

ಆ ರಾತ್ರಿ, ಬೆಂಗಳೂರಿನವರ ನಂತರ ಬಂದ ಈಗಿನ ಕೋಚ್ ತಮ್ಮ ಹಾಜರಿ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಕಾಸರಗೋಡು ಕಡೆಯವರು, ಕೋಚಿಂಗ್‌ನ ಡಿ ಲೈಸೆನ್ಸ್ ಇದೆ, ಮಾತು ಕಡಿಮೆ. ಮಳೆಗೆ ನೆನೆದು ಉಬ್ಬಿದ ಪುಸ್ತಕ, ಕೆಲವು ಹಾಳೆಗಳು ಅಂಟಿಕೊಂಡಿದ್ದವು. ಪಕ್ಕದಲ್ಲೇ ನನ್ನ ಐಸ್ ಪುಸ್ತಕ ತೆರೆದಿತ್ತು. ಯಾವ ಬೋಟಿಗೆ ಯಾವ ದಿನ ಎಷ್ಟು ಟನ್ ಎಂಬ ಲೆಕ್ಕ. ಸುಮ್ಮನೆ ಎರಡನ್ನೂ ನೋಡುತ್ತಾ ಕುಳಿತವನು ಕೆಂಪು ಪೆನ್ಸಿಲ್ ತೆಗೆದುಕೊಂಡು ಪಂದ್ಯದ ದಿನಾಂಕಗಳನ್ನು ಗುರುತು ಹಾಕಿದೆ. ಬೆಳಗಿನ ಮೂರು ಗಂಟೆಗೆ ವಿಷಯ ಕೈಗೆ ಸಿಕ್ಕಿತು.

ನಮ್ಮ ಹದಿನೆಂಟು ಆಟಗಾರರಲ್ಲಿ ಹತ್ತು ಮಂದಿ ಬೋಟಿನ ಕೆಲಸದವರು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ. ಆಗ ಎಲ್ಲರೂ ಊರಿನಲ್ಲೇ ಇರುತ್ತಾರೆ, ದಿನವೂ ಅಭ್ಯಾಸ. ಆ ಎರಡು ತಿಂಗಳಲ್ಲಿ ಒಂಬತ್ತು ಪಂದ್ಯದಲ್ಲಿ ಆರೋ ಏಳೋ ಗೆದ್ದಿದ್ದೆವು. ಆಗಸ್ಟ್‌ನಿಂದ ಮುಂದಿನ ಹದಿನಾಲ್ಕರಲ್ಲಿ ಗೆದ್ದದ್ದು ಎರಡು. ಟ್ರಾಲ್ ಬೋಟಿನವರು ಒಮ್ಮೆ ಹೋದರೆ ಹತ್ತು ದಿನ. ಶನಿವಾರ ದಡಕ್ಕೆ ಬಂದು ಭಾನುವಾರ ನೇರ ಮೈದಾನಕ್ಕೆ ಇಳಿಯುತ್ತಿದ್ದರು. ಅಭ್ಯಾಸಕ್ಕೆ ಬಾರದ ಕಾರಣ ಕೇಳಿದರೆ, ತಂಡದಲ್ಲಿ ಜಾಗ ಕೈತಪ್ಪೀತು ಎಂಬ ಭಯಕ್ಕೆ ಜ್ವರ ಎನ್ನುತ್ತಿದ್ದರು. ಅಭಿಮಾನಿಗಳಿಗೆ ಕಾಣುತ್ತಿದ್ದದ್ದು ಅದೇ ಹನ್ನೊಂದು ಪರಿಚಿತ ಮುಖಗಳು. ಆದ್ದರಿಂದ ತಪ್ಪು ಕೋಚ್‌ನದ್ದೇ ಎಂದುಕೊಂಡರು. ಕೋಚ್‌ಗೆ ಇದು ಗೊತ್ತಿತ್ತು. ಹೇಳಿದರೆ ಹುಡುಗರಿಗೆ ಪಂದ್ಯಕ್ಕೆ ಸಿಗುವ ಭತ್ಯೆ ಹೋಗುತ್ತದೆಂದು ಬೈಗುಳವನ್ನೆಲ್ಲ ತಾವೇ ತಿಂದರು. ಅವರನ್ನು ಕಳುಹಿಸಲು ಹೊರಟಿದ್ದೆವಲ್ಲ ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಾಡಿದ್ದು ಇಷ್ಟು. ಸಾಧ್ಯವಾದಷ್ಟು ಸ್ಥಾನಗಳಿಗೆ ಒಂದೊಂದು ಜೋಡಿ ಮಾಡಿದೆವು: ಕಡಲಿನವನೊಬ್ಬ, ದಡದವನೊಬ್ಬ. ಟ್ರಿಪ್ ಮುಗಿಸಿ ಬಂದವನು ನಾಲ್ಕು ದಿನ ಅಭ್ಯಾಸ ಮಾಡದೆ ಮೊದಲ ಹನ್ನೊಂದರಲ್ಲಿ ಇರುವಂತಿಲ್ಲ. ಹೆಚ್ಚೆಂದರೆ ಕೊನೆಯ ಇಪ್ಪತ್ತೈದು ನಿಮಿಷ. ಬೆಳಿಗ್ಗೆ ಹೋಗಿ ಅದೇ ದಿನ ಬರುವ ಪರ್ಸೀನ್ ಬೋಟಿನವರಿಗೆ ಬೇರೆ ಲೆಕ್ಕ. ಯಾರು ಎಷ್ಟು ದಿನಕ್ಕೆ ಹೋಗುತ್ತಾರೆ ಎಂಬುದು ಹುಡುಗರು ಹೇಳುವ ಮೊದಲೇ ನನಗೆ ತಿಳಿಯುತ್ತದೆ, ಬೋಟ್ ತುಂಬಿಸಿಕೊಳ್ಳುವ ಐಸೇ ಹೇಳುತ್ತದೆ. ಜೋಡಿಗಳನ್ನು ಹೇಗೆ ಆರಿಸಿದೆವು, ಬೋಟ್ ಮಾಲೀಕರನ್ನು ಹೇಗೆ ಒಪ್ಪಿಸಿದೆ ಎಂಬ ಎರಡು ವಿಷಯ ಇಲ್ಲಿ ಬರೆಯುವುದಿಲ್ಲ. ಎದುರಾಳಿ ಕ್ಲಬ್ಬಿನವರೂ ಓದುತ್ತಾರೆ.

ಹಣದ ವಿಷಯ. ಬೆಂಚಿನಲ್ಲಿ ಕುಳಿತವನಿಗೂ ಆಡಿದವನಷ್ಟೇ 500 ರೂಪಾಯಿ ಭತ್ಯೆ ಕೊಟ್ಟೆ. ಇದಿಲ್ಲದಿದ್ದರೆ ಮತ್ತೆ ಜ್ವರದ ಸುಳ್ಳು ಶುರುವಾಗುತ್ತಿತ್ತು. ಅಭ್ಯಾಸದ ದಿನಗಳ ಊಟ ಸೇರಿ ಋತುವಿಗೆ ಒಂದು ಲಕ್ಷ ಎಂಬತ್ತು ಸಾವಿರದ ಹತ್ತಿರ ಹೆಚ್ಚಾಯಿತು. ಏಳೇಳು ಜನ ಆಡುವ ಸೆವೆನ್ಸ್ ಟೂರ್ನಮೆಂಟುಗಳಿಗೆ ಹೊರಗಿನ ಆಟಗಾರರನ್ನು ಪಂದ್ಯಕ್ಕಿಷ್ಟು ಎಂದು ಕರೆಸುವುದನ್ನು ನಿಲ್ಲಿಸಿ ಅದರಲ್ಲಿ 70 ಸಾವಿರ ಉಳಿಸಿದೆ. ಉಳಿದದ್ದು ಕೈಯಿಂದ ಹೋಯಿತು.

ಊಟ ಎಂದಾಗ ನೆನಪಾಯಿತು. ಮೊದಲು ಅಭ್ಯಾಸದ ನಂತರ ಪರೋಟ, ಮೊಟ್ಟೆ ಕೊಡಿಸುತ್ತಿದ್ದೆ. ಈಗ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಒಂದು ಬಾಳೆಹಣ್ಣು. ಒಬ್ಬರ ಒಂದು ಊಟದ ಖರ್ಚು ಅರ್ಧಕ್ಕಿಳಿಯಿತು. ಎರಡನೇ ಅವಧಿಯಲ್ಲಿ ಸ್ನಾಯು ಸೆಳೆತದಿಂದ ಬೀಳುವವರೂ ಕಡಿಮೆಯಾದರು. ಮಳೆಗಾಲದ ಕೆಸರಿಗೆ ಉದ್ದ ಸ್ಟಡ್ (ಬೂಟಿನ ಅಡಿಯ ಮೊಳೆ), ಬೇಸಿಗೆಯ ಗಟ್ಟಿ ಮಣ್ಣಿಗೆ ಗಿಡ್ಡ ಸ್ಟಡ್ ಎಂದು ಎಲ್ಲರಿಗೂ ಎರಡು ಜೊತೆ ಬೂಟು ಕೊಡಿಸಿದ್ದು ಮಾತ್ರ ಕೈಗೂಡಲಿಲ್ಲ. ಅರ್ಧ ಜನ ಒಂದು ಜೊತೆಯನ್ನು ತಮ್ಮಂದಿರಿಗೆ ಕೊಟ್ಟರು.

ಅಭಿಮಾನಿಗಳನ್ನು ಒಲಿಸಿಕೊಳ್ಳಲು ಒಂದು ಸ್ನೇಹಪೂರ್ವಕ ಪಂದ್ಯಕ್ಕೆ ತಂಡವನ್ನು ಅವರೇ ಆರಿಸಲಿ ಎಂದು ಬಿಟ್ಟೆ. ಅವರು ಬರೆದುಕೊಟ್ಟ ಹನ್ನೊಂದರಲ್ಲಿ ಮೂವರು ಆ ಹೊತ್ತಿಗೆ ಕಡಲಿನಲ್ಲಿದ್ದರು. ಆಗ ಅವರ ಕಡೆಯ ಆರು ಜನ ಹಿರಿಯರನ್ನು ಪ್ಲಾಂಟಿಗೆ ಕರೆದು ಎರಡೂ ಪುಸ್ತಕಗಳನ್ನು ಮುಂದಿಟ್ಟೆ. ಒಬ್ಬರು ಬೆರಳಿಟ್ಟು ಸಾಲು ಸಾಲಾಗಿ ಓದಿದರು, ಅವರ ಮಗನ ಹೆಸರೂ ಅದರಲ್ಲಿತ್ತು. "ಇದನ್ನು ಮೊದಲೇ ತೋರಿಸಬಾರದಿತ್ತೇ ಮಾರಾಯರೇ" ಎಂದರು. ಅಂದಿನಿಂದ ಪ್ರತಿ ಗುರುವಾರ ಪ್ಲಾಂಟಿನ ಗೋಡೆಯ ಮೇಲೆ ಪಟ್ಟಿ ಅಂಟಿಸುತ್ತೇನೆ: ಯಾರು ಕಡಲಲ್ಲಿ, ಯಾರು ದಡದಲ್ಲಿ, ಯಾರಿಗೆ ನಾಲ್ಕು ದಿನ ತುಂಬಿದೆ.

ಫಲ ತಕ್ಷಣ ಬರಲಿಲ್ಲ. ಮೊದಲ ನಾಲ್ಕು ಪಂದ್ಯಗಳಲ್ಲಿ ಮೂರು ಸೋಲು. ನೆಚ್ಚಿನ ಸ್ಟ್ರೈಕರನ್ನು ಬೆಂಚಿನಲ್ಲಿ ಕೂರಿಸಿದ್ದಕ್ಕೆ ಮತ್ತೆ ಕೂಗಾಟ. ಐಸ್ ಮಾರುವವರಿಗೆ ಫುಟ್‌ಬಾಲ್ ಏನು ತಿಳಿಯುತ್ತದೆ ಎಂದು ಇನ್ನೊಂದು ಕ್ಲಬ್ಬಿನ ಮಾಲೀಕರು ಹೇಳಿದ್ದು ನನ್ನ ಕಿವಿಗೂ ಬಿತ್ತು. ಅದೇ ಹೊತ್ತಿಗೆ, 2024ರ ಡಿಸೆಂಬರ್‌ನಲ್ಲಿ, ನಮ್ಮ ಹುಡುಗರಲ್ಲಿ ಅರ್ಧ ಜನ ಪ್ರಾಣ ಬಿಡುವ ಕೊಚ್ಚಿಯ ವೃತ್ತಿಪರ ತಂಡ ಕೇರಳ ಬ್ಲಾಸ್ಟರ್ಸ್ ಋತುವಿನ ನಡುವೆಯೇ ಕೋಚನ್ನು ಕಳುಹಿಸಿತು, ಆದರೂ ಲೀಗಿನ ಕೊನೆಯ ಹಂತವಾದ ಪ್ಲೇ ಆಫ್ ತಲುಪಲಿಲ್ಲ. ನನ್ನ ಪರವಾಗಿ ಆ ಸುದ್ದಿ ಮಾಡಿದಷ್ಟು ಕೆಲಸವನ್ನು ನನ್ನ ಯಾವ ಭಾಷಣವೂ ಮಾಡಿರಲಿಲ್ಲ.

ಕಳೆದ ಋತುವಿನಲ್ಲಿ ಆಗಸ್ಟ್ ನಂತರದ ಹದಿನಾಲ್ಕು ಹದಿನೈದು ಪಂದ್ಯಗಳಲ್ಲಿ ಎಂಟು ಗೆದ್ದೆವು, ಮೂರು ಡ್ರಾ. ಮಾತನಾಡಿದ ಆ ಮಾಲೀಕರ ತಂಡವನ್ನು ಎರಡು ಸಲ ಸೋಲಿಸಿದೆವು. ಡೋಲುಗಳು ಮರಳಿ ಬಂದಿವೆ. ಕೋಚ್‌ಗೆ ಸಂಬಳ 25ರಿಂದ 30 ಸಾವಿರಕ್ಕೆ ಏರಿಸಿ ಇನ್ನೆರಡು ವರ್ಷಕ್ಕೆ ಬರೆದುಕೊಟ್ಟಿದ್ದೇನೆ.

ಉಳಿದಿರುವುದು ಗೋಲ್‌ಕೀಪರ್ ಸಮಸ್ಯೆ. ದಡದಲ್ಲಿದ್ದ ಹುಡುಗನೂ ಕಳೆದ ತಿಂಗಳು ಟ್ರಾಲ್ ಬೋಟಿಗೆ ಸೇರಿದ್ದಾನೆ. ಮನೆಯಲ್ಲಿ ತಂಗಿಯ ಮದುವೆ, ಬೇಡ ಎನ್ನುವಂತಿಲ್ಲ. ಉಳ್ಳಾಲದಲ್ಲಿ ಹದಿನೇಳು ವರ್ಷದ ಒಬ್ಬನಿದ್ದಾನೆ, ಕೈ ಚೆನ್ನಾಗಿದೆ, ಎತ್ತರ ಸಾಲದು. ಈ ಭಾನುವಾರ ಕೋಚ್ ಅವನನ್ನು ನೋಡಲು ಹೋಗುತ್ತಿದ್ದಾರೆ.