ಮೂರು ಮನೆ, ಒಂದು ಬಾಯ್ಲರ್, ಆಮೇಲೆ ಹೀಟ್ ಪಂಪ್

ಬಾಸ್ಟನ್ ಪಕ್ಕದ ಸಾಮರ್‌ವಿಲ್‌ನಲ್ಲಿ ನಮ್ಮದೊಂದು ಟ್ರಿಪಲ್ ಡೆಕರ್ ಇದೆ. 1910ರ ಸುಮಾರಿನ ಮರದ ಕಟ್ಟಡ. ಒಂದರ ಮೇಲೊಂದು ಮೂರು ಮನೆ. ಮೇಲಿನದರಲ್ಲಿ ನಾವು, ಕೆಳಗಿನ ಎರಡರಲ್ಲಿ ಬಾಡಿಗೆಯವರು. ನೆಲಮಾಳಿಗೆಯಲ್ಲಿ ಎಣ್ಣೆ ಉರಿಸುವ ಸ್ಟೀಮ್ ಬಾಯ್ಲರ್ ಇತ್ತು, ಮೂರಕ್ಕೂ ಅದೊಂದೇ. ಜನವರಿಯಲ್ಲಿ ಕೆಳಗಿನವರು ಸೆಕೆ ತಡೆಯಲಾರದೆ ಕಿಟಕಿ ತೆಗೆಯುತ್ತಿದ್ದರು. ನಾವು ಮೇಲೆ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆವು. ಎಣ್ಣೆ ಬಿಲ್ ಮಾತ್ರ ನನ್ನದು.

2022ರಲ್ಲಿ ಎಣ್ಣೆ ಗ್ಯಾಲನ್‌ಗೆ 5 ಡಾಲರ್ ದಾಟಿದಾಗ ಹೀಟ್ ಪಂಪ್ ಹಾಕಿಸೋಣ ಅಂತ ಹೊರಟೆ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಕರೆಂಟಿನ ಬಲದಿಂದ ಮನೆಯೊಳಗೆ ತರುವ ಯಂತ್ರ ಅದು. ಬಂದ ಕಂಟ್ರಾಕ್ಟರ್ ಹತ್ತು ನಿಮಿಷ ಸುತ್ತಾಡಿ, ಒಂದೊಂದು ಮನೆಗೂ ಗಂಟೆಗೆ 36,000 ಬಿಟಿಯು (ಬಿಸಿಯನ್ನು ಅಳೆಯುವ ಮಾನ) ಬೇಕು ಅಂದ. ನನಗೆ ಅನುಮಾನ ಬಂತು. ಹಳೇ ಎಣ್ಣೆ ಬಿಲ್‌ಗಳನ್ನು ಹರಡಿಕೊಂಡು ಕೂತೆ. ವರ್ಷಕ್ಕೆ 1,500 ಗ್ಯಾಲನ್. ಗ್ಯಾಲನ್‌ಗೆ 1,38,500 ಬಿಟಿಯು. ಬಾಯ್ಲರ್ ಅದರಲ್ಲಿ ನೂರಕ್ಕೆ 80 ಭಾಗ ಮನೆಗೆ ಕೊಡುತ್ತೆ ಅಂತಿಟ್ಟುಕೊಂಡೆ. ಅದನ್ನು ಇಲ್ಲಿನ ಚಳಿಗಾಲದ ಲೆಕ್ಕಕ್ಕೆ ಹಂಚಿ ನೋಡಿದರೆ, ಹೊರಗೆ ಮೈನಸ್ 12 ಸೆಲ್ಸಿಯಸ್ ಇರುವ ರಾತ್ರಿ ಮೂರೂ ಮನೆಗೆ ಸೇರಿ ಗಂಟೆಗೆ ಬೇಕಾಗಿದ್ದು ಸುಮಾರು 74,000. ಅವನು ಹೇಳಿದ್ದು 1,08,000! ನನ್ನದೂ ಗೋಡೆಗೆ ಇನ್ಸುಲೇಷನ್, ಅಂದರೆ ಬಿಸಿ ಸೋರದಂತೆ ತಡೆಯುವ ವಸ್ತು, ತುಂಬುವ ಮೊದಲಿನ ಲೆಕ್ಕ.

ಹಾಗಾಗಿ ಮೊದಲು ಗೋಡೆ. ಗೋಡೆಯೊಳಗೆ ಪಿಂಗಾಣಿ ಗುಂಡಿಗಳ ಮೇಲೆ ಎಳೆದ ನಾಬ್ ಅಂಡ್ ಟ್ಯೂಬ್ ವೈರಿಂಗ್ ಇನ್ನೂ ಜೀವಂತವಾಗಿತ್ತು. ಅದನ್ನು ತೆಗೆಸದೆ ಸೆಲ್ಯುಲೋಸ್ (ಕಾಗದದ ಚೂರಿನ ಇನ್ಸುಲೇಷನ್) ತುಂಬುವ ಹಾಗಿಲ್ಲ, ಬೆಂಕಿಯ ಭಯ. ಹೊಸ ವೈರಿಂಗ್‌ಗೇ ಒಂದು ಬೇಸಿಗೆ ಹೋಯಿತು. ದುಡ್ಡಿನ ಮಾತು ಬೇಡ. ಆದರೆ ಸಂದಿಗೊಂದಿ ಮುಚ್ಚಿ ಗೋಡೆ ತುಂಬಿದ ಮೇಲೆ ಬೇಕಾಗುವ ಬಿಸಿ ಕಾಲು ಭಾಗ ಇಳಿಯಿತು.

ಇಷ್ಟೆಲ್ಲ ಲೆಕ್ಕ ಮಾಡಿಯೂ ಎಡವಿದೆ. ನಮ್ಮ ಮನೆಗೆ ಹೊರಗೊಂದು ದೊಡ್ಡ ಯಂತ್ರ, ಒಳಗೆ ನಾಲ್ಕು ಕೋಣೆಗೆ ಬಿಸಿ ಗಾಳಿ ಊದುವ ನಾಲ್ಕು ಹೆಡ್ ಹಾಕಿಸಿದೆ. ನೋಡಲು ಅಚ್ಚುಕಟ್ಟು. ಆದರೆ ಮಲಗುವ ಕೋಣೆಗೆ ಬೇಕಾದದ್ದು 2,500 ಬಿಟಿಯು, ಅಲ್ಲಿರುವ ಹೆಡ್ 6,000ದ್ದು. ಹೊರಗಿನ ಯಂತ್ರಕ್ಕೂ ತೀರಾ ನಿಧಾನವಾಗಿ ಓಡಲು ಬರುವುದಿಲ್ಲ. ನವೆಂಬರ್‌ನ ಸಣ್ಣ ಚಳಿಯಲ್ಲಿ ಹತ್ತು ನಿಮಿಷ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಒಂದೇ ಹದದಲ್ಲಿ ಓಡುತ್ತಿದ್ದರೆ ತಾನೇ ಅದಕ್ಕೆ ಕರೆಂಟ್ ಉಳಿಸಲು ಬರುವುದು? ಮರುವರ್ಷ ಕೆಳಗಿನ ಮನೆಗಳಿಗೆ ಒಂದು ಹೊರಯಂತ್ರಕ್ಕೆ ಒಂದೇ ಹೆಡ್ ಅನ್ನುವ ಜೋಡಿಗಳನ್ನು ಹಾಕಿಸಿದೆ. ನೋಡಲು ಅಂದವಿಲ್ಲ, ಬಿಲ್ ಮಾತ್ರ ನಮ್ಮದಕ್ಕಿಂತ ಕಡಿಮೆ. ಆ ಮನೆಗಳಲ್ಲಿ ಮಲಗುವ ಕೋಣೆಯ ಬಾಗಿಲು ಮುಚ್ಚಿದರೆ ಒಳಗೆ ಸ್ವಲ್ಪ ತಣ್ಣಗಾಗುತ್ತದೆ, ಅದೂ ನಿಜ.

ಚಳಿ ತಡೆಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. 2023ರ ಫೆಬ್ರವರಿ 4ರ ಬೆಳಗಿನ ಜಾವ ಬಾಸ್ಟನ್‌ನಲ್ಲಿ ಮೈನಸ್ 23 ಸೆಲ್ಸಿಯಸ್. 1957ರಿಂದೀಚೆಗೆ ಅಷ್ಟು ಇಳಿದಿರಲಿಲ್ಲ. ನಮ್ಮ ಯಂತ್ರ ಮೈನಸ್ 25ರವರೆಗೆ ಓಡುವಂಥದ್ದು, ಪೂರ್ತಿ ಬಲ ಮಾತ್ರ ಮೈನಸ್ 15ರವರೆಗೆ. ಬೆಳಿಗ್ಗೆ ಮನೆಯೊಳಗೆ 18 ಇತ್ತು. ಕೆಳಗಿನ ಮನೆಗಳಲ್ಲಿ ಆಗಿನ್ನೂ ಬಾಯ್ಲರ್ ಉರಿಯುತ್ತಿದ್ದದ್ದೂ ನಮಗೆ ನೆರವಾಯಿತು ಅನ್ನಿ. ನನ್ನನ್ನು ಹೆಚ್ಚು ಕಾಡಿಸುವುದು ಆ ಒಣ ಚಳಿಯಲ್ಲ, ಸೊನ್ನೆಯ ಆಸುಪಾಸಿನ ಒದ್ದೆ ಹಿಮ. ಹೊರಗಿನ ಯಂತ್ರದ ಕಾಯಿಲ್ (ಲೋಹದ ಕೊಳವೆಗಳ ಸುರುಳಿ) ಮೇಲೆ ಮಂಜು ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಉಲ್ಟಾ ಓಡುತ್ತದೆ, ಹೊರಗೆ ಬುಸ್ಸನೆ ಆವಿ ಏಳುತ್ತದೆ. ಮೊದಲ ಸಲ ನೋಡಿದ ಅಮ್ಮ "ಮಿಷಿನ್‌ಗೆ ಬೆಂಕಿ ಬಿತ್ತು ಕಣೋ" ಅಂತ ಕೂಗಿಕೊಂಡರು.

ಯಾರೂ ಹೇಳದಿದ್ದ ತೊಂದರೆ ನೆಲಮಾಳಿಗೆಯದು. ಬಾಯ್ಲರ್ ತೆಗೆಸಿದ ಮೇಲೆ ಅದು ಫ್ರಿಜ್ ಆಯಿತು. ಇಷ್ಟು ವರ್ಷ ಬಾಯ್ಲರ್ ಸೋರಿಸಿದ ಬಿಸಿಯೇ ನೀರಿನ ಪೈಪ್‌ಗಳನ್ನು ಕಾಯುತ್ತಿತ್ತು. ನೀರು ಕಾಯಿಸಲು ಅಲ್ಲೇ ಇನ್ನೊಂದು ಹೀಟ್ ಪಂಪ್ ಇಟ್ಟಿದ್ದೆ, ಅದು ಇದ್ದಬದ್ದ ಬಿಸಿಯನ್ನೂ ಹೀರಿತು. ಕೊನೆಗೆ ನೆಲಮಾಳಿಗೆಯ ಗೋಡೆ ಅಂಚಿಗೆಲ್ಲ ಫೋಮ್ ಹೊಡೆಸಿ, ಹೊರಗೋಡೆ ಪಕ್ಕದ ಪೈಪ್‌ಗೆ ಬಿಸಿಯಾಗುವ ಟೇಪ್ ಸುತ್ತಿಸಿದೆ.

ಇನ್ನು ಬಿಲ್. ಈಗ ಪ್ರತಿ ಮನೆಯ ಬಿಸಿ ಅವರವರ ಮೀಟರ್ ಮೇಲೆ. ಮ್ಯಾಸಚೂಸೆಟ್ಸ್‌ನಲ್ಲಿ ಬಾಡಿಗೆ ಮನೆ ಹಗಲು 68 ಫ್ಯಾರನ್‌ಹೀಟ್ (20 ಸೆಲ್ಸಿಯಸ್), ರಾತ್ರಿ 64ಕ್ಕಿಂತ (ಸುಮಾರು 18 ಸೆಲ್ಸಿಯಸ್) ಇಳಿಯದಂತೆ ಬಿಸಿ ಒದಗಿಸುವುದು ಮಾಲೀಕನ ಹೊಣೆ. ಅದರ ಖರ್ಚನ್ನು ಬಾಡಿಗೆಯವರಿಗೆ ಹಾಕಬೇಕಿದ್ದರೆ ಬರಹದ ಒಪ್ಪಂದ ಬೇಕು. ಬಾಡಿಗೆ ತಿಂಗಳಿಗೆ 150 ಡಾಲರ್ ಇಳಿಸಿ ಹೊಸ ಒಪ್ಪಂದ ಬರೆದೆ. ಇಳಿಸದಿದ್ದರೆ ನನ್ನ ಖರ್ಚನ್ನು ಸುಮ್ನೆ ಅವರ ತಲೆಗೆ ಕಟ್ಟಿದಂತೆ, ಅಲ್ವಾ? ಆ ಚಳಿಗಾಲದಿಂದ ಕೆಳಗಿನವರ ಕಿಟಕಿ ಮುಚ್ಚಿದೆ.

ಉಳಿತಾಯ? ಎಣ್ಣೆ 4 ಡಾಲರ್, ಕರೆಂಟ್ ಯೂನಿಟ್‌ಗೆ 30 ಸೆಂಟ್ ಇದ್ದರೆ ನನ್ನ ಲೆಕ್ಕದಲ್ಲಿ ನೂರಕ್ಕೆ ಹತ್ತು, ಅಷ್ಟೆ. ಎಣ್ಣೆಗಿಂತ ಅಗ್ಗದ ಗ್ಯಾಸ್ ಬಾಯ್ಲರ್ ಇದ್ದಿದ್ದರೆ ದುಡ್ಡು ಉಳಿಸುವ ಆಸೆಗೆ ನಾನು ಇದಕ್ಕೆ ಕೈ ಹಾಕುತ್ತಿರಲಿಲ್ಲ.

ಅಮ್ಮನ ತಕರಾರು ಬೇರೆ. ಹಾಸನದಿಂದ ಬಂದಾಗಲೆಲ್ಲ ಮೊಸರಿಗೆ ಹೆಪ್ಪು ಹಾಕಿ ಪಾತ್ರೆಯನ್ನು ಬಾಯ್ಲರ್‌ನ ಆವಿಯಿಂದ ಬಿಸಿಯಾಗುತ್ತಿದ್ದ ರೇಡಿಯೇಟರ್ ಮೇಲಿಡುತ್ತಿದ್ದರು. ಈಗ ಬಿಸಿ ಗಾಳಿ ಬರುವುದು ಸೂರಿನ ಹತ್ತಿರ, ಅಲ್ಲಿ ಪಾತ್ರೆ ಇಡುವುದು ಹೇಗೆ? ಸದ್ಯಕ್ಕೆ ಓವನ್ ಒಳಗಿನ ದೀಪ ಹಚ್ಚಿ ಅಲ್ಲಿಡುತ್ತಿದ್ದಾರೆ.