ಮಲ್ ಬಟ್ಟೆಯಲ್ಲಿ ನಾನೇ ಹೊಲಿದುಕೊಂಡ ಟಾಪ್

ಮಲ್ ಎಂಬ ತೆಳು ಹತ್ತಿ ಬಟ್ಟೆಯ ಟಾಪ್ ಹೊಲಿಯುವಾಗ ಅರ್ಧಕ್ಕಿಂತ ಹೆಚ್ಚಿನ ಕೆಲಸ ಮಿಷನ್ನಿನ ಮುಂದೆ ಕೂರುವ ಮೊದಲೇ ಮುಗಿದಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬೇಸಿಗೆಯಲ್ಲಿ ಮೈಗೆ ಇದಕ್ಕಿಂತ ಹಿತವಾದ ಬಟ್ಟೆಯಿಲ್ಲ. ಆದರೆ ಅದು ಕತ್ತರಿಯ ಕೆಳಗೆ ಜಾರುತ್ತದೆ, ಕೈ ಎಳೆದ ಕಡೆಗೆ ವಾಲುತ್ತದೆ, ಒಳಗಿನ ಹೊಲಿಗೆಯ ಅಂಚನ್ನು ಹೊರಗೂ ತೋರಿಸುತ್ತದೆ.

44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯನ್ನು ಒಂದೂಮುಕ್ಕಾಲು ಮೀಟರ್ ತಂದು ರಾತ್ರಿಯಿಡೀ ನೀರಿನಲ್ಲಿ ನೆನೆಸಿದೆ. ಕುಗ್ಗುವುದೆಲ್ಲ ಆಗಲೇ ಕುಗ್ಗಿಬಿಡಲಿ ಎಂಬುದು ಇದರ ಉದ್ದೇಶ. ಮಾರನೆಯ ದಿನ ಅನ್ನದ ಗಂಜಿಯನ್ನು ಸೋಸಿ, ನೀರು ಬೆರೆಸಿ ತೆಳ್ಳಗೆ ಮಾಡಿ, ಬಟ್ಟೆಯನ್ನು ಅದರಲ್ಲಿ ಅದ್ದಿ ನೆರಳಿನಲ್ಲಿ ಹರವಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿದೆ. ಗಂಜಿ ಹಾಕಿದ ಮಲ್ ಕಾಗದದಂತೆ ಮಡಿಕೆಯನ್ನು ಹಿಡಿದು ನಿಲ್ಲುತ್ತದೆ. ಹೊಲಿದ ನಂತರ ಒಮ್ಮೆ ಒಗೆದರೆ ಮೊದಲಿನ ಮೃದುತ್ವ ಮರಳುವುದರಿಂದ ಈ ಶ್ರಮಕ್ಕೆ ಹಿಂಜರಿಯಬೇಕಾಗಿಲ್ಲ. ಕತ್ತರಿಸಿದ ತುದಿ ನೇರವಾಗಿದೆಯೆಂದು ನಂಬದೆ, ಅಡ್ಡ ನೂಲೊಂದನ್ನು ಎಳೆದು ತೆಗೆದು, ಆಗ ಮೂಡುವ ಗೆರೆಯ ಮೇಲೆಯೇ ತುದಿಯನ್ನು ಸರಿಮಾಡಿಕೊಂಡೆ.

ತೋಳನ್ನು ಬೇರೆಯಾಗಿ ಜೋಡಿಸುವ ಅಗತ್ಯವಿಲ್ಲದ ವಿನ್ಯಾಸವೇ ತೆಳು ಬಟ್ಟೆಗೆ ಒಪ್ಪುತ್ತದೆ; ಹೊಲಿಗೆಗಳು ಕಡಿಮೆಯಾದಷ್ಟೂ ಬಟ್ಟೆ ಚೆನ್ನಾಗಿ ಇಳಿಬೀಳುತ್ತದೆ. ಬಟ್ಟೆಯನ್ನು ಮೊದಲು ಉದ್ದಕ್ಕೆ, ನಂತರ ಭುಜದ ಬಳಿ ಅಡ್ಡಕ್ಕೆ ಮಡಿಸಿ ನಾಲ್ಕು ಪದರ ಮಾಡಿದೆ. ಎದೆಯ ಸುತ್ತಳತೆ 36 ಇಂಚಾದ್ದರಿಂದ ಅದರ ಕಾಲುಭಾಗವಾದ 9 ಇಂಚಿಗೆ ಸಡಿಲಕ್ಕೆಂದು 2 ಇಂಚು, ಹೊಲಿಗೆಗೆಂದು ಅರ್ಧ ಇಂಚು ಸೇರಿಸಿದೆ. ಮಧ್ಯದ ಮಡಿಕೆಯಿಂದ ತೋಳಿನ ತುದಿಗೆ 15 ಇಂಚು, ಭುಜದಿಂದ ಕೆಳಗೆ ಅಂಚು ಮಡಿಸಲು ಬೇಕಾದ ಬಟ್ಟೆಯೂ ಸೇರಿ ಇಪ್ಪತ್ತೇಳೂವರೆ ಇಂಚು ಇಟ್ಟುಕೊಂಡೆ. ಕಂಕುಳಿನ ತಿರುವನ್ನು ಮೂಲೆಯಾಗದಂತೆ ನಿಧಾನವಾಗಿ ಬಾಗಿಸಬೇಕು. ಕೊರಳಿಗೆ ಮೊದಲು ಹಿಂಭಾಗದ 2 ಇಂಚು ಆಳವನ್ನು ನಾಲ್ಕೂ ಪದರಗಳಲ್ಲಿ ಕತ್ತರಿಸಿ, ಬಳಿಕ ಮುಂಭಾಗವನ್ನಷ್ಟೇ ಐದೂವರೆ ಇಂಚಿಗೆ ಇಳಿಸಿದೆ. ಭುಜದಲ್ಲಿ ಹೊಲಿಗೆಯೇ ಇಲ್ಲದ ಈ ಕತ್ತರಿಕೆಯಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿದ ಹೂವಿನ ಮುದ್ರಣ ಬೆನ್ನಿನ ಮೇಲೆ ತಲೆಕೆಳಗಾಗುತ್ತದೆ. ಆದ್ದರಿಂದಲೇ ದಿಕ್ಕಿಲ್ಲದ ಸಣ್ಣ ಚುಕ್ಕಿಗಳ ಬಟ್ಟೆಯನ್ನು ಆರಿಸಿದ್ದೆ.

ಮಿಷನ್ನಿಗೆ ಹೊಸದಾದ 11ನೇ ನಂಬರಿನ ಸೂಜಿ ಹಾಕಿ, ಇಂಚಿಗೆ ಸುಮಾರು ಹನ್ನೆರಡು ಹೊಲಿಗೆ ಬರುವಂತೆ ಹೊಂದಿಸಿದೆ. ದಪ್ಪ ಸೂಜಿ ಈ ಬಟ್ಟೆಯ ನೂಲನ್ನೇ ಎಳೆದು ಸುಕ್ಕು ಮಾಡುತ್ತದೆ. ಬಟ್ಟೆಯ ತುದಿ ಸೂಜಿಯ ತಟ್ಟೆಯ ತೂತಿನೊಳಗೆ ಸಿಕ್ಕಿಕೊಳ್ಳದಂತೆ ಅದರಡಿಗೆ ಕಾಗದದ ಪಟ್ಟಿ ಇಟ್ಟು, ಕಾಗದದ ಮೇಲಿನಿಂದಲೇ ಹೊಲಿಗೆ ಆರಂಭಿಸಿದರೆ ಸಾಕು.

ಪಕ್ಕದ ಹೊಲಿಗೆಗೆ ಫ್ರೆಂಚ್ ಸೀಮ್ ಬಿಟ್ಟರೆ ಬೇರೆ ಯಾವುದನ್ನೂ ನಾನು ಒಪ್ಪುವುದಿಲ್ಲ. ಮೊದಲು ಬಟ್ಟೆಯ ಒಳಮೈಗಳು ಒಂದಕ್ಕೊಂದು ತಾಗುವಂತೆ ಇಟ್ಟು ಕಾಲು ಇಂಚಿನಲ್ಲಿ ಹೊಲಿದು, ಅಂಚನ್ನು ಅದರ ಅರ್ಧಕ್ಕೆ ಕತ್ತರಿಸಿ, ತಿರುಗಿಸಿ ಇಸ್ತ್ರಿ ಒತ್ತಿ, ಈಗ ಹೊರಮೈಗಳು ಒಳಗಾಗುವಂತೆ ಮತ್ತೆ ಕಾಲು ಇಂಚಿನಲ್ಲಿ ಹೊಲಿದೆ. ಬಿಚ್ಚಿದ ನೂಲುಗಳೆಲ್ಲ ಒಳಗೇ ಮುಚ್ಚಿಹೋಗುತ್ತವೆ; ಪಾರದರ್ಶಕ ಬಟ್ಟೆಯಲ್ಲಿ ಹೊರಗೆ ಕಾಣುವುದು ಒಂದು ತೆಳು, ಅಚ್ಚುಕಟ್ಟಾದ ಗೆರೆ ಮಾತ್ರ.

ಕೊರಳು ಎಲ್ಲಕ್ಕಿಂತ ಬೇಗ ಹಿಗ್ಗುವ ಭಾಗ. ಕತ್ತರಿಸಿದ ಕೂಡಲೇ, ಪಕ್ಕದ ಹೊಲಿಗೆಗೂ ಮೊದಲೇ, ಅಂಚಿನ ಹತ್ತಿರ ಒಂಟಿ ಪದರದ ಮೇಲೆ ಒಂದು ಸುತ್ತು ಹೊಲಿಗೆ ಹಾಕಿಟ್ಟಿದ್ದೆ. ಉಳಿದ ತುಂಡಿನಿಂದ ಓರೆಯಾಗಿ, ಒಂದೂಕಾಲು ಇಂಚು ಅಗಲದ ಎರಡು ಕ್ರಾಸ್ ಪಟ್ಟಿಗಳನ್ನು ಕತ್ತರಿಸಿ ಜೋಡಿಸಿ, ಕೊರಳ ಸುತ್ತ ತುಸುವೇ ಬಿಗಿಯಾಗಿ ಕೂರಿಸಿದೆ. ಪಟ್ಟಿಯನ್ನು ಒಳಕ್ಕೆ ಮಗುಚಿ ಕೈಯಿಂದಲೇ ಹೆಮ್ಮಿಂಗ್ ಮಾಡಿದೆ, ಏಕೆಂದರೆ ಮಿಷನ್ನಿನ ಹೊಲಿಗೆ ಅಲ್ಲಿ ಗಡುಸಾಗಿ ಕುಳಿತುಬಿಡುತ್ತದೆ. ತೋಳಿನ ತುದಿಗೂ ಕೆಳಗಿನ ಅಂಚಿಗೂ ಕಿರಿದಾದ ಎರಡು ಮಡಿಕೆ ಸಾಕಾಯಿತು.