ಹಾಲು ಬಿಟ್ಟ ಹಂದಿಮರಿಗಳ ಮೇವಿನಲ್ಲಿ ಸೋಯಾ ತಗ್ಗಿಸಿದ ನನ್ನ ಅನುಭವ

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದ ಅಂಚಿನಲ್ಲಿ ಎಂಟು ತಾಯಿ ಹಂದಿಗಳಿವೆ. ಎಲ್ಲವೂ ಲಾರ್ಜ್ ವೈಟ್ ಯಾರ್ಕ್‌ಶೈರ್ ಮತ್ತು ಲ್ಯಾಂಡ್‌ರೇಸ್ ಸೇರಿದ ಮಿಶ್ರತಳಿ. ಮೊದಲ ಎರಡು ವರ್ಷ ನನಗೆ ಹೆಚ್ಚು ನಷ್ಟವಾದದ್ದು ಮರಿ ಹಾಕುವಾಗಲ್ಲ, ಹಾಲು ಬಿಡಿಸಿದ ಮೇಲಿನ ಹತ್ತು ದಿನಗಳಲ್ಲಿ. ತಾಯಿಯ ಮಗ್ಗುಲಲ್ಲಿ ಗುಂಡುಗುಂಡಾಗಿದ್ದ ಮರಿಗಳು ಬೇರೆ ಗೂಡಿಗೆ ಹೋದ ನಾಲ್ಕನೆಯ ದಿನ ನೀರಿನಂಥ ಭೇದಿಗೆ ಬಿದ್ದು, ವಾರದೊಳಗೆ ಬೆನ್ನುಮೂಳೆ ಎದ್ದು ಕಾಣುವಷ್ಟು ಸೊರಗುತ್ತಿದ್ದವು.

ಆಗ ನಾನು 28 ದಿನಕ್ಕೇ ಹಾಲು ಬಿಡಿಸುತ್ತಿದ್ದೆ. ಮೇವಿನಲ್ಲಿ ಸೋಯಾ ಹಿಂಡಿ ಶೇ 30ರಷ್ಟಿತ್ತು, ಉಳಿದದ್ದು ಮುಸುಕಿನ ಜೋಳ, ತೌಡು ಮತ್ತು ಖನಿಜ ಮಿಶ್ರಣ. ಪ್ರೋಟೀನ್ ಹೆಚ್ಚಿದಷ್ಟೂ ಮರಿ ಬೇಗ ಬೆಳೆಯುತ್ತದೆ ಎಂಬ ಲೆಕ್ಕಾಚಾರ ನನ್ನದಾಗಿತ್ತು. ಆ ಲೆಕ್ಕದಲ್ಲಿ ಮರಿಯ ಹೊಟ್ಟೆಗೆ ಜಾಗವೇ ಇರಲಿಲ್ಲ.

ಹಂದಿಯಲ್ಲಿ ಗರ್ಭದ ಮೂಲಕ ಮರಿಗೆ ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ಹೋಗುವುದಿಲ್ಲ. ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣು ಹಾಲೇ ಅದರ ರಕ್ಷಣೆ, ಅದು ಮೂರು-ನಾಲ್ಕು ವಾರಗಳಲ್ಲಿ ಕರಗುತ್ತ ಬರುವಾಗ ಮರಿಯ ಸ್ವಂತ ರೋಗನಿರೋಧಕ ಶಕ್ತಿ ಇನ್ನೂ ಎಳೆಯದಾಗಿರುತ್ತದೆ. ಸರಿಯಾಗಿ ಆ ಸಂಧಿಯಲ್ಲೇ ನಾನು ತಾಯಿಯ ಹಾಲು ತಪ್ಪಿಸಿ ಸೋಯಾ ತುಂಬುತ್ತಿದ್ದೆ. ಸೋಯಾದಲ್ಲಿರುವ ಗ್ಲೈಸಿನಿನ್ ಮತ್ತು ಬೀಟಾ-ಕಾನ್‌ಗ್ಲೈಸಿನಿನ್ ಎಂಬ ಪ್ರೋಟೀನ್‌ಗಳಿಗೆ ಎಳೆಮರಿಯ ಕರುಳು ಅಲರ್ಜಿಯಂತೆ ಪ್ರತಿಕ್ರಿಯಿಸುತ್ತದೆ. ಆಹಾರ ಹೀರುವ ಸೂಕ್ಷ್ಮ ಎಳೆಗಳು ಮೊಟಕಾಗುತ್ತವೆ. ಜಠರದ ಆಮ್ಲವೂ ಆ ವಯಸ್ಸಿಗೆ ಸಾಲದಾದ್ದರಿಂದ ಜೀರ್ಣವಾಗದ ಪ್ರೋಟೀನ್ ದೊಡ್ಡ ಕರುಳಿಗೆ ಇಳಿದು ಕೊಳೆಯುತ್ತದೆ, ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಅದೇ ಹಬ್ಬದೂಟ. ಭೇದಿ ಕಂಡ ಕೂಡಲೇ ಆ್ಯಂಟಿಬಯಾಟಿಕ್ ಪುಡಿ ಬೆರೆಸುವುದು ನಮ್ಮಲ್ಲಿ ರೂಢಿಯಾಗಿತ್ತು. 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ನಮ್ಮ ದೇಶದಲ್ಲಿ ನಿಷೇಧವಾದ ಮೇಲೆ, ಔಷಧಿಗಿಂತ ಮೊದಲು ಮೇವನ್ನೇ ತಿದ್ದಬೇಕೆಂದು ನಿರ್ಧರಿಸಿದೆ.

ಮೊದಲ ಪ್ರಯತ್ನ ಒಣಮೀನಿನದು. ಕರಾವಳಿಯಿಂದ ಅಗ್ಗಕ್ಕೆ ತರಿಸಿ ಪುಡಿ ಮಾಡಿಸಿದೆ. ಮರಿಗಳು ಮೇವು ಬಿಟ್ಟು ನೀರಿನ ನಲ್ಲಿಗೇ ಅಂಟಿಕೊಂಡಾಗ ಅನುಮಾನ ಬಂದು ಒಂದು ಹಿಡಿ ಪುಡಿಯನ್ನು ನೀರಿನಲ್ಲಿ ಕಲಸಿಟ್ಟು ನೋಡಿದರೆ, ಪಾತ್ರೆಯ ತಳದಲ್ಲಿ ಮರಳು, ನಾಲಿಗೆಗೆ ಇಟ್ಟರೆ ಬರೀ ಉಪ್ಪು. ಅದನ್ನು ಚೆಲ್ಲಿ, ಉಪ್ಪು ಮತ್ತು ಪ್ರೋಟೀನಿನ ಪರೀಕ್ಷಾ ವರದಿ ಇರುವ ಶೇ 60 ಪ್ರೋಟೀನಿನ ಮೀನಿನ ಹುಡಿಯನ್ನೇ ಕೊಳ್ಳತೊಡಗಿದೆ. ಕಡಲೆಕಾಯಿ ಹಿಂಡಿಯನ್ನು ಯೋಚಿಸಿ ಕೈಬಿಟ್ಟೆ. ಅದರಲ್ಲಿ ಮರಿಯ ಬೆಳವಣಿಗೆಗೆ ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಮೇಲಾಗಿ ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿದು ಅದರ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿದರೆ ಮರಿಯ ರೋಗನಿರೋಧಕ ಶಕ್ತಿಯೇ ಕುಗ್ಗುತ್ತದೆ.

ಕೊನೆಗೆ ಹಾಲು ಬಿಡಿಸಿದ ಮೊದಲ ಎರಡು ವಾರಗಳಿಗೆ ನಿಂತ ಮಿಶ್ರಣವೆಂದರೆ ನೂರು ಕಿಲೋಗೆ ಮುಸುಕಿನ ಜೋಳ 60, ಸೋಯಾ ಹಿಂಡಿ 15, ಮೀನಿನ ಹುಡಿ 6, ಕೆನೆ ತೆಗೆದ ಹಾಲಿನ ಪುಡಿ 5, ಗೋಧಿ ಬೂಸಾ 11, ಉಳಿದ 3 ಕಿಲೋದಲ್ಲಿ ಖನಿಜ ಮಿಶ್ರಣ ಮತ್ತು ಲೈಸಿನ್. ಮೀನಿನಲ್ಲೇ ಉಪ್ಪಿರುವುದರಿಂದ ಬೇರೆ ಉಪ್ಪು ಹಾಕುವುದಿಲ್ಲ. ಒಟ್ಟು ಪ್ರೋಟೀನ್ ಶೇ 19ರ ಹತ್ತಿರ, ಅಂದರೆ ಹಿಂದಿಗಿಂತ ತುಸು ಕಡಿಮೆಯೇ. ಹಾಲಿನ ಪುಡಿ ದುಬಾರಿ, ಆದರೆ ಒಂದು ಮರಿ ಈ ಎರಡು ವಾರಗಳಲ್ಲಿ ತಿನ್ನುವ ಮೇವೇ ಕೆಲವು ಕಿಲೋ ಮಾತ್ರ.

ವ್ಯತ್ಯಾಸ ತಿಳಿಯಲು ಒಂದೇ ತಾಯಿಯ ಹನ್ನೊಂದು ಮರಿಗಳನ್ನು ಎರಡು ಗೂಡಿಗೆ ಹಂಚಿ, ಆರಕ್ಕೆ ಹೊಸ ಮಿಶ್ರಣ, ಐದಕ್ಕೆ ಹಳೆಯದನ್ನು ಕೊಟ್ಟೆ. ಗೋಣಿಚೀಲದಲ್ಲಿ ಹಾಕಿ ತೂಗುತ್ತಿದ್ದೆ. ಹದಿನಾಲ್ಕನೆಯ ದಿನಕ್ಕೆ ಹೊಸ ಮಿಶ್ರಣದ ಮರಿಗಳು ಸರಾಸರಿ ಮೂರು ಕಿಲೋಗಿಂತ ತುಸು ಹೆಚ್ಚು ಏರಿದ್ದವು, ಉಳಿದವು ಎರಡು ಕಿಲೋ ಕೂಡ ಮುಟ್ಟಿರಲಿಲ್ಲ. ಭೇದಿ ಕಂಡದ್ದು ಮೊದಲ ಗುಂಪಿನಲ್ಲಿ ಒಂದಕ್ಕೆ, ಎರಡನೆಯದರಲ್ಲಿ ನಾಲ್ಕಕ್ಕೆ. ಹನ್ನೊಂದು ಮರಿಗಳಿಂದ ಸಿದ್ಧಾಂತ ಕಟ್ಟಲಾಗದು. ರೋಗನಿರೋಧಕ ಶಕ್ತಿಯನ್ನಂತೂ ರಕ್ತ ಪರೀಕ್ಷಿಸದೆ ಅಳೆದೆನೆಂದು ಹೇಳಲಾರೆ; ನನಗೆ ಕಾಣುವುದು ಸಗಣಿ, ರೋಮದ ಹೊಳಪು ಮತ್ತು ಮೇವಿನ ತೊಟ್ಟಿಗೆ ಓಡಿ ಬರುವ ವೇಗ ಮಾತ್ರ. ಈಗ ಹಾಲು ಬಿಡಿಸುವುದನ್ನೂ 35 ದಿನಕ್ಕೆ ತಳ್ಳಿದ್ದೇನೆ, ಗೂಡಿಗೆ ಬಲ್ಬಿನ ಶಾಖವಿದೆ. ಆದ್ದರಿಂದ ಇಂದಿನ ಒಳ್ಳೆಯ ತೂಕದ ಕೀರ್ತಿಯೆಲ್ಲ ಮೀನು-ಹಾಲಿನದಲ್ಲ.

ಕಳೆದ ವರ್ಷ ಮೀನಿನ ಹುಡಿಯ ಅರ್ಧ ಪಾಲಿನ ಜಾಗದಲ್ಲಿ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳುಗಳ ಒಣಪುಡಿ ಹಾಕಿದೆ. ಇದರಲ್ಲಿ ಪ್ರೋಟೀನ್ ಶೇ 40ರಷ್ಟು, ಕೊಬ್ಬಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುವ ಲಾರಿಕ್ ಆಮ್ಲವಿದೆ. ತೂಕ ಮೀನಿನಷ್ಟೇ ಬಂತು, ಹೆಚ್ಚಲಿಲ್ಲ. ಆಸೆಗೆ ಬಿದ್ದು ನೂರಕ್ಕೆ ಹತ್ತು ಕಿಲೋ ಹಾಕಿದಾಗ ಮೇವು ಜಿಡ್ಡಾಗಿ ಜುಲೈ ತೇವಕ್ಕೆ ಕಮಟು ವಾಸನೆ ಬಂದು ಮರಿಗಳು ಮೂಸಿ ದೂರ ಸರಿದವು. ಹುಳುಗಳನ್ನು ತರಕಾರಿ ಕಸದಲ್ಲೇ ಬೆಳೆಸುತ್ತೇನೆ. 2020ರಲ್ಲಿ ಅಸ್ಸಾಮಿನಲ್ಲಿ ಆಫ್ರಿಕನ್ ಹಂದಿ ಜ್ವರ ಕಂಡ ಮೇಲೆ, ಹಂದಿಮಾಂಸದ ಚೂರುಗಳ ಮೂಲಕ ಅದು ಬರಬಹುದೆಂಬ ಭಯದಿಂದ ಹೋಟೆಲಿನ ಮುಸುರೆಯನ್ನು ಹುಳುವಿಗೂ ಹಾಕಿಲ್ಲ.

ಮೂರನೆಯ ವಾರದಿಂದ ಹಾಲಿನ ಪುಡಿ ನಿಲ್ಲಿಸಿ, ಐದು ದಿನ ಈ ಮೇವನ್ನೂ ಮುಂದಿನ ಹಂತದ ಮೇವನ್ನೂ ಬೆರೆಸುತ್ತ ಸೋಯಾವನ್ನು ಮೆಲ್ಲಗೆ ಶೇ 25ಕ್ಕೆ ಏರಿಸುತ್ತೇನೆ. ಆ ವಯಸ್ಸಿಗೆ ಕರುಳು ಅದನ್ನು ತಾಳಿಕೊಳ್ಳುತ್ತದೆ, ಮೇವಿನ ಖರ್ಚೂ ಇಳಿಯುತ್ತದೆ.